ಪ್ರಿನ್ಸೆಸ್ ಆನ್ ಉಳಿದುಕೊಂಡ ಬಗೆ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ ಲೀ-ಆನ್-ದ-ಸೊಲೆಂಟ್ ಎಂಬ ಊರಿದೆ. ಎದುರಿಗೆ ಸೊಲೆಂಟ್ ಜಲಸಂಧಿ, ಅದರಾಚೆ ಐಲ್ ಆಫ್ ವೈಟ್ ದ್ವೀಪ. ಊರಿನ ಅಂಚಿನಲ್ಲಿ ಬ್ರಿಟಿಷ್ ನೌಕಾಪಡೆಯ ಹಳೆಯ ವಿಮಾನ ನೆಲೆ. ಡೀಡಲಸ್ ಅಂತ ಅದರ ಹೆಸರು. 1996ರಲ್ಲಿ ಆ ನೆಲೆ ಮುಚ್ಚಿತು. ಅಲ್ಲಿ ಕಡಲಿಗೆ ಇಳಿಯುವ ಇಳಿಜಾರಿನ ಪಕ್ಕದಲ್ಲಿ ಇವತ್ತು ಹೋವರ್‌ಕ್ರಾಫ್ಟ್‌ಗಳ, ಅಂದರೆ ಗಾಳಿಯ ಹಾಸಿನ ಮೇಲೆ ಜಾರುವ ವಾಹನಗಳ, ವಸ್ತುಸಂಗ್ರಹಾಲಯ ಇದೆ. ಒಬ್ಬನೇ ಕೂತು ಓಡಿಸುವ ಪುಟಾಣಿ ರೇಸಿಂಗ್ ಗಾಡಿಯಿಂದ ಹಿಡಿದು ಯುದ್ಧಕ್ಕೆಂದು ಕಟ್ಟಿದ ಯಂತ್ರದವರೆಗೆ 60ಕ್ಕೂ ಹೆಚ್ಚು ಹೋವರ್‌ಕ್ರಾಫ್ಟ್‌ಗಳು ಅಲ್ಲಿವೆ. ಅವುಗಳ ನಡುವೆ, ಯಾವ ಸೂರಿನಡಿಯೂ ಹಿಡಿಸದೆ ಬಯಲಲ್ಲೇ ನಿಂತಿರುವ ಒಂದಿದೆ. 56 ಮೀಟರ್ ಉದ್ದ, ತಲೆಯ ಮೇಲೆ ನಾಲ್ಕು ಪ್ರೊಪೆಲ್ಲರ್. ಒಂದೊಂದರ ವ್ಯಾಸ 6 ಮೀಟರಿಗೂ ಹೆಚ್ಚು. 418 ಜನರನ್ನೂ 60 ಕಾರುಗಳನ್ನೂ ಹೊತ್ತು ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಓಡಾಡಿದ ಯಂತ್ರ. ಹೆಸರು ಪ್ರಿನ್ಸೆಸ್ ಆನ್. ಈ ಮಾದರಿಯವು ಒಟ್ಟು ಆರು ತಯಾರಾದವು. ಐದು ಗುಜರಿ ಪಾಲಾದವು. ಉಳಿದದ್ದು ಇದೊಂದೇ.

ಇದನ್ನು ಉಳಿಸಿದವರ ಬಗ್ಗೆ ಇವತ್ತು ಮಾತಾಡುತ್ತೇನೆ. ವಸ್ತುಸಂಗ್ರಹಾಲಯದ ಪೋಷಕರು ಅಂದ ಕೂಡಲೇ ಗೋಡೆಯ ಮೇಲಿನ ಶಿಲಾಫಲಕ, ಅದರಲ್ಲಿ ಕೆತ್ತಿದ ದಾನಿಗಳ ಹೆಸರು ನೆನಪಾಗುವುದು ಸಹಜ. ಈ ಕಥೆಯಲ್ಲಿ ಅಂಥವರು ಕಡಿಮೆ. ಹೆಂಡತಿಯ ಪಾಲಿಗೆ ಬಂದ ಆಸ್ತಿ, ಸರ್ಕಾರದ ಒಂದು ಸಣ್ಣ ಸಂಸ್ಥೆಯ ಧೈರ್ಯ, ಸಂಜೆಯ ಬಿಡುವಿನಲ್ಲಿ ಸ್ಪ್ಯಾನರ್ ಹಿಡಿಯುವ ನಿವೃತ್ತರು, ಒಂದು ಮನವಿಗೆ ಸಹಿ ಹಾಕಿದ ಸಾವಿರಾರು ಅಪರಿಚಿತರು, ಇವರೇ ಇಲ್ಲಿ ಹೆಚ್ಚು. ಹೋವರ್‌ಕ್ರಾಫ್ಟ್ ಹುಟ್ಟಿದ್ದೂ ಹೀಗೆ ಅಲ್ಲಲ್ಲಿ ಸಿಕ್ಕ ಆಸರೆಯಿಂದಲೇ. ಹಾಗಾಗಿ ಹುಟ್ಟಿನಿಂದಲೇ ಹೇಳುತ್ತೇನೆ.

ಅದಕ್ಕೂ ಮೊದಲು, ಹೋವರ್‌ಕ್ರಾಫ್ಟನ್ನು ಕಣ್ಣಾರೆ ಕಾಣದವರಿಗಾಗಿ ಎರಡು ಮಾತು. ಅದು ನೀರನ್ನು ಸೀಳಿಕೊಂಡು ಹೋಗುವ ದೋಣಿಯಲ್ಲ. ದೊಡ್ಡ ಫ್ಯಾನುಗಳು ಗಾಳಿಯನ್ನು ತಳಕ್ಕೆ ನೂಕುತ್ತವೆ. ಸುತ್ತ ಇಳಿಬಿದ್ದ ರಬ್ಬರಿನ ಅಂಚು ಆ ಗಾಳಿ ಸುಲಭವಾಗಿ ಹೊರಗೆ ಹೋಗದಂತೆ ತಡೆಯುತ್ತದೆ. ಇಡೀ ಯಂತ್ರ ಆ ಗಾಳಿಯ ಹಾಸಿನ ಮೇಲೆ ಎದ್ದು ನಿಂತು, ಪ್ರೊಪೆಲ್ಲರ್ ತಳ್ಳಿದತ್ತ ಜಾರುತ್ತದೆ. ಕೆಳಗೆ ನೀರಿದ್ದರೇನು, ಕೆಸರಿದ್ದರೇನು, ಮರಳಿದ್ದರೇನು, ಅದಕ್ಕೆ ಎಲ್ಲವೂ ಒಂದೇ. ಅಲೆಯ ಮೇಲಿಂದ ಬಂದದ್ದು ನಿಲ್ಲದೆ ದಂಡೆ ಹತ್ತಿ, ಕಾಂಕ್ರೀಟಿನ ಅಂಗಳದಲ್ಲಿ ಉಸ್ಸೆಂದು ಕುಳಿತುಬಿಡುತ್ತದೆ.

ಇದನ್ನು ಬಳಕೆಗೆ ಬರುವ ರೂಪಕ್ಕೆ ತಂದವರು ಕ್ರಿಸ್ಟೊಫರ್ ಕಾಕರೆಲ್. ಹುಟ್ಟಿದ್ದು 1910ರಲ್ಲಿ. ಅವರ ತಂದೆ ಸರ್ ಸಿಡ್ನಿ ಕಾಕರೆಲ್ ಕೇಂಬ್ರಿಜ್‌ನ ಫಿಟ್ಸ್‌ವಿಲಿಯಂ ವಸ್ತುಸಂಗ್ರಹಾಲಯದ ನಿರ್ದೇಶಕರು. 1908ರಿಂದ 1937ರವರೆಗೆ ಆ ಹುದ್ದೆಯಲ್ಲಿದ್ದರು. ಕವಿ ಮತ್ತು ಕುಶಲಕರ್ಮಿ ವಿಲಿಯಂ ಮಾರಿಸ್ ಅವರ ಕಾರ್ಯದರ್ಶಿಯಾಗಿ ಪಳಗಿದ ಕೈ ಅದು. ಚಿತ್ರ, ಹಸ್ತಪ್ರತಿ, ಅಂದದ ಅಚ್ಚು, ಇವೇ ಅವರ ಲೋಕ. ವಸ್ತುಸಂಗ್ರಹಾಲಯವನ್ನು ಭಾನುವಾರವೂ ತೆರೆದಿಟ್ಟವರು, ಗ್ಯಾಲರಿಗಳಲ್ಲಿ ರತ್ನಗಂಬಳಿ ಹಾಸಿ ಹೂಗಳನ್ನು ಇಡಿಸಿದವರು. 1909ರಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನಮ್ಮ ಇವತ್ತಿನ ಮಾತಿಗೆ ತೀರಾ ಹತ್ತಿರದ್ದು. 'ಫಿಟ್ಸ್‌ವಿಲಿಯಂ ಸಂಗ್ರಹಾಲಯದ ಗೆಳೆಯರು' ಎಂಬ ಸಂಘವನ್ನು ಕಟ್ಟಿದರು. ಜನ ವರ್ಷಕ್ಕಿಷ್ಟು ಅಂತ ಚಂದಾ ಕೊಡಬೇಕು, ಆ ದುಡ್ಡಿನಲ್ಲಿ ಸಂಗ್ರಹಾಲಯಕ್ಕೆ ಒಳ್ಳೆಯ ವಸ್ತುಗಳನ್ನು ಕೊಳ್ಳಬೇಕು. ಬ್ರಿಟನ್ನಿನಲ್ಲಿ ವಸ್ತುಸಂಗ್ರಹಾಲಯವೊಂದಕ್ಕೆ ಹೀಗೆ ಗೆಳೆಯರ ಸಂಘ ಹುಟ್ಟಿದ್ದು ಅದೇ ಮೊದಲು. ಶ್ರೀಮಂತರ ಮರ್ಜಿಗೆ ಕಾಯುತ್ತ ಕೂರದೆ, ನೂರಾರು ಜನ ಸ್ವಲ್ಪ ಸ್ವಲ್ಪ ಕೊಟ್ಟರೂ ಒಂದು ಸಂಸ್ಥೆ ನಿಲ್ಲುತ್ತದೆ ಎಂದು ಅವರು ಮಾಡಿ ತೋರಿಸಿದರು.

ಮಗನ ಮೇಲೆ ಮಾತ್ರ ಅವರಿಗೆ ಭರವಸೆ ಇರಲಿಲ್ಲ. ಮನೆಗೆ ನಾಟಕಕಾರ ಬರ್ನಾರ್ಡ್ ಶಾ ಅಂಥವರು ಬಂದು ಹೋಗುತ್ತಿದ್ದರು. 'ಲಾರೆನ್ಸ್ ಆಫ್ ಅರೇಬಿಯಾ' ಎಂದು ಹೆಸರಾದ ಟಿ. ಇ. ಲಾರೆನ್ಸ್ ಬಂದಾಗ ಹುಡುಗ ಕ್ರಿಸ್ಟೊಫರನ ಕಣ್ಣು ಅತಿಥಿಗಿಂತ ಹೆಚ್ಚಾಗಿ ಅವರ ಮೋಟಾರ್ ಸೈಕಲ್ಲಿನ ಮೇಲಿತ್ತು ಎನ್ನುತ್ತಾರೆ. ಕಲೆಯ ಮನೆಯಲ್ಲಿ ಗ್ರೀಸಿನ ಕೈಯ ಮಗ. ತಂದೆಗೆ ಅದು ನಿರಾಸೆ. ಮಗ ಎಂಜಿನಿಯರಿಂಗ್ ಓದಿ, ಮಾರ್ಕೋನಿ ಕಂಪನಿಯಲ್ಲಿ 1935ರಿಂದ ಸುಮಾರು ಹದಿನೈದು ವರ್ಷ ರೇಡಿಯೊ ಮತ್ತು ರೇಡಾರ್ ಕೆಲಸ ಮಾಡಿದರು. ಆಮೇಲೆ ಆ ಉದ್ಯೋಗ ಬಿಟ್ಟು ಪೂರ್ವ ಇಂಗ್ಲೆಂಡಿನಲ್ಲಿ ಒಂದು ಸಣ್ಣ ದೋಣಿ ಕಂಪನಿ ಕೊಂಡರು. ಅದಕ್ಕೆ ನೆರವಾದದ್ದು ಹೆಂಡತಿ ಮಾರ್ಗರೆಟ್ ಅವರ ಕಡೆಯಿಂದ ಬಂದ ಹಣ. ಹೋವರ್‌ಕ್ರಾಫ್ಟಿನ ಪೋಷಕರ ಪಟ್ಟಿ ಬರೆಯುವುದಾದರೆ ಮೊದಲ ಹೆಸರು ಈ ಮಾರ್ಗರೆಟ್ ಅವರದ್ದೇ ಆಗಬೇಕು. ಪ್ರಯೋಗಗಳಿಗಾಗಿ ಮನೆಯ ಒಡವೆ ವಸ್ತುಗಳನ್ನೂ ಮಾರಬೇಕಾಗಿ ಬಂದ ದಿನಗಳನ್ನು ಅವರು ಜೊತೆಯಲ್ಲಿ ನಿಂತು ಕಳೆದರು.

ಆ ಪ್ರಯೋಗದ ವಿವರ ಸೊಗಸಾಗಿದೆ. ದೋಣಿಯ ತಳಕ್ಕೂ ನೀರಿಗೂ ಆಗುವ ಘರ್ಷಣೆಯನ್ನು ಹೇಗೆ ಕಡಿಮೆ ಮಾಡುವುದು ಎಂಬುದು ಕಾಕರೆಲ್ ಅವರ ತಲೆ ತಿನ್ನುತ್ತಿದ್ದ ಪ್ರಶ್ನೆ. ಕಾಫಿ ಪುಡಿಯ ಖಾಲಿ ಡಬ್ಬಿಯೊಳಗೆ ಬೆಕ್ಕಿನ ಆಹಾರದ ಸಣ್ಣ ಡಬ್ಬಿ ಇಟ್ಟರು. ಎರಡರ ನಡುವಿನ ಕಿರಿದಾದ ಸಂದಿಯಿಂದ ಗಾಳಿ ಊದಿದರು. ಕೆಳಗೆ ಅಡುಗೆಮನೆಯ ತಕ್ಕಡಿ. ತೆರೆದ ಕೊಳವೆಯಿಂದ ಅಷ್ಟೇ ಗಾಳಿ ಊದಿದಾಗ ಬೀಳುವುದಕ್ಕಿಂತ ಬಹಳ ಹೆಚ್ಚು ಒತ್ತಡವನ್ನು ತಕ್ಕಡಿ ತೋರಿಸಿತು. ಅಂಚಿನ ಸುತ್ತ ಉಂಗುರದಂತೆ ಬೀಸುವ ಗಾಳಿ ತನ್ನೊಳಗೆ ಒತ್ತಡವನ್ನು ಕೂಡಿಹಾಕುತ್ತದೆ. ಈ ಒಂದು ಅರಿವಿನ ಮೇಲೆ ಮುಂದಿನದೆಲ್ಲ ನಿಂತಿತು. 1955ರ ಡಿಸೆಂಬರಿನಲ್ಲಿ ಅವರು ಪೇಟೆಂಟಿಗೆ ಅರ್ಜಿ ಹಾಕಿದರು.

ಇನ್ನು ಹಣ ಕೊಡುವವರು ಬೇಕಲ್ಲ. ನೌಕಾಪಡೆಯವರು ಇದು ವಿಮಾನ, ನಮ್ಮದಲ್ಲ ಎಂದರಂತೆ. ವಾಯುಪಡೆಯವರು ಇದು ದೋಣಿ ಎಂದರಂತೆ. ಭೂಸೇನೆಗೆ ಆಸಕ್ತಿಯೇ ಇರಲಿಲ್ಲ. ಕಾಕರೆಲ್ ಮುಂದೆ ಇದನ್ನು ಹೇಳಿಕೊಳ್ಳುತ್ತಿದ್ದರು. ಅಷ್ಟು ಸಾಲದೆಂಬಂತೆ ಸರ್ಕಾರ ಇದನ್ನು ರಹಸ್ಯ ಎಂದು ಘೋಷಿಸಿತು. ಯಾರೂ ಕೊಳ್ಳುವಂತಿಲ್ಲ, ಯಾರಿಗೂ ಹೇಳುವಂತಿಲ್ಲ. 1958ರಲ್ಲಿ ಆ ಗುಟ್ಟಿನ ಮುದ್ರೆ ತೆರವಾಯಿತು. ಆಗ ಮುಂದೆ ಬಂದದ್ದು ರಾಷ್ಟ್ರೀಯ ಸಂಶೋಧನಾ ಅಭಿವೃದ್ಧಿ ನಿಗಮ ಎಂಬ ಸರ್ಕಾರಿ ಸಂಸ್ಥೆ. ಅದರ ದುಡ್ಡಿನಲ್ಲಿ ಐಲ್ ಆಫ್ ವೈಟ್‌ನ ಸಾಂಡರ್ಸ್-ರೋ ಕಂಪನಿ ಎಸ್‌ಆರ್‌ಎನ್‌-1 ಎಂಬ ಮೊದಲ ಯಂತ್ರವನ್ನು ಕಟ್ಟಿತು. 1959ರ ಜೂನ್ 11ರಂದು ಜನ ಅದನ್ನು ನೋಡಿದರು. ಅದೇ ಜುಲೈ 25ರಂದು ಅದು ಫ್ರಾನ್ಸಿನ ಕ್ಯಾಲೆಯಿಂದ ಹೊರಟು ಎರಡು ಗಂಟೆಗೆ ಸ್ವಲ್ಪ ಹೆಚ್ಚು ಹೊತ್ತಿನಲ್ಲಿ ಇಂಗ್ಲೆಂಡಿನ ಡೋವರ್ ಮುಟ್ಟಿತು. ಐವತ್ತು ವರ್ಷಗಳ ಹಿಂದೆ ಅದೇ ತಾರೀಖು ಲೂಯಿ ಬ್ಲೆರಿಯೊ ವಿಮಾನದಲ್ಲಿ ಇಂಗ್ಲಿಷ್ ಕಾಲುವೆ ದಾಟಿದ್ದರು. ಯಂತ್ರದ ಸಮತೋಲ ಕಾಯಲು ಕಾಕರೆಲ್ ತಾವೇ ಅದರ ಮೇಲೆ ಅತ್ತಿತ್ತ ಸರಿದಾಡುತ್ತ, ಜೀವಂತ ಭಾರವಾಗಿ ನಿಂತಿದ್ದರು. ಸಿಡ್ನಿ ಕಾಕರೆಲ್ ತೀರಿಕೊಂಡದ್ದು 1962ರಲ್ಲಿ. ಮಗನ ಹೆಸರು ಪತ್ರಿಕೆಗಳ ಮುಖಪುಟಕ್ಕೆ ಬಂದುದನ್ನು ಆ ಹಿರಿಯರು ಕಂಡರು ಎನ್ನುವುದು ನನಗೆ ಸಮಾಧಾನದ ಸಂಗತಿ.

ಆರಂಭದ ಯಂತ್ರಕ್ಕೆ ರಬ್ಬರಿನ ಅಂಚು ಇರಲಿಲ್ಲ, ಸಣ್ಣ ಅಲೆಗೂ ತಡವರಿಸುತ್ತಿತ್ತು. ಆ ಅಂಚಿನ ಯೋಚನೆ ಸೆಸಿಲ್ ಲ್ಯಾಟಿಮರ್-ನೀಡಂ ಎಂಬ ಇನ್ನೊಬ್ಬ ಎಂಜಿನಿಯರರದ್ದು. ಅದು ಸೇರಿದ ಮೇಲೆ ಹೋವರ್‌ಕ್ರಾಫ್ಟ್ ನಿಜವಾದ ಕಡಲಿಗೆ ಇಳಿಯಿತು. 1965ರಲ್ಲಿ ಹೋವರ್‌ಟ್ರಾವೆಲ್ ಕಂಪನಿ ಸೌತ್‌ಸೀ ಮತ್ತು ಐಲ್ ಆಫ್ ವೈಟ್‌ನ ರೈಡ್ ನಡುವೆ ಸೇವೆ ಶುರುಮಾಡಿತು. ಆ ಸೇವೆ ಇಂದಿಗೂ ನಡೆಯುತ್ತಿದೆ, ಹತ್ತೇ ನಿಮಿಷದ ಹಾದಿ. 1968ರ ಆಗಸ್ಟ್ 1ರಂದು ಪ್ರಿನ್ಸೆಸ್ ಮಾರ್ಗರೆಟ್ ಎಂಬ ದೊಡ್ಡ ಹೋವರ್‌ಕ್ರಾಫ್ಟ್ ಡೋವರ್‌ನಿಂದ ಫ್ರಾನ್ಸಿನ ಬುಲೋನ್‌ಗೆ ಪ್ರಯಾಣಿಕರನ್ನು ಒಯ್ಯತೊಡಗಿತು. ಮರುವರ್ಷ ಪ್ರಿನ್ಸೆಸ್ ಆನ್ ಜೊತೆಯಾಯಿತು. ಈ ಎರಡೂ ಬ್ರಿಟಿಷ್ ರೈಲ್ವೆಯವು, ಅಂದರೆ ಜನರ ದುಡ್ಡಿನವು. ಇದೇ ಮಾದರಿಯ ಇನ್ನು ನಾಲ್ಕನ್ನು ಓಡಿಸಿದ ಹೋವರ್‌ಲಾಯ್ಡ್ ಕಂಪನಿಯ ಹಿಂದೆ ಸ್ವೀಡನ್ನಿನ ಹಡಗು ಕಂಪನಿಗಳಿದ್ದವು. 1981ರಲ್ಲಿ ರೈಲ್ವೆಯ ಸೇವೆಯೂ ಹೋವರ್‌ಲಾಯ್ಡೂ ಸೇರಿ ಹೋವರ್‌ಸ್ಪೀಡ್ ಎಂಬ ಕಂಪನಿ ಆಯಿತು. 1995ರ ಸೆಪ್ಟೆಂಬರ್ 14ರಂದು ಪ್ರಿನ್ಸೆಸ್ ಆನ್ ಕ್ಯಾಲೆಯಿಂದ ಡೋವರ್‌ಗೆ 22 ನಿಮಿಷದಲ್ಲಿ ಬಂದು ದಾಖಲೆ ಬರೆಯಿತು.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. 1994ರಲ್ಲಿ ಇಂಗ್ಲೆಂಡ್ ಮತ್ತು ಫ್ರಾನ್ಸ್ ನಡುವೆ ಕಡಲಡಿಯ ಸುರಂಗ ತೆರೆದು ರೈಲು ಓಡತೊಡಗಿತು. 1999ರಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳ ನಡುವೆ ಓಡಾಡುವ ಪ್ರಯಾಣಿಕರಿಗೆ ಸುಂಕವಿಲ್ಲದ ಮಾರಾಟ ನಿಂತು, ಹಡಗು ಕಂಪನಿಗಳ ಆದಾಯದ ದೊಡ್ಡ ಪಾಲು ಹೋಯಿತು. ಈ ಯಂತ್ರಗಳಿಗೋ ಹಸಿವು ಜಾಸ್ತಿ. ನಾಲ್ಕು ರೋಲ್ಸ್-ರಾಯ್ಸ್ ಪ್ರೋಟಿಯಸ್ ಟರ್ಬೈನುಗಳ ಇಂಧನ, ಉಪ್ಪುನೀರಿನಲ್ಲಿ ಸವೆಯುವ ರಬ್ಬರು, ಯಾರೂ ತಯಾರಿಸದ ಬಿಡಿಭಾಗಗಳು. 2000ದ ಅಕ್ಟೋಬರ್ 1ರಂದು ಕೊನೆಯ ಪ್ರಯಾಣ ನಡೆಯಿತು. ಆ ವರ್ಷದ ಕೊನೆಗೆ ಎರಡೂ ರಾಜಕುಮಾರಿಯರು ತಮ್ಮ ಶಕ್ತಿಯಿಂದಲೇ ಓಡಿ ಬಂದು ಲೀ-ಆನ್-ದ-ಸೊಲೆಂಟ್‌ನ ದಂಡೆ ಹತ್ತಿ ಕುಳಿತವು.

ಅಲ್ಲಿಗೇ ಯಾಕೆ ಬಂದವು? ಆ ನೆಲಕ್ಕೂ ಹೋವರ್‌ಕ್ರಾಫ್ಟಿಗೂ ಹಳೆಯ ನಂಟು. ಮೊದಲು ಬೇಡವೆಂದ ಅದೇ ಮೂರು ಪಡೆಗಳು ಮನಸ್ಸು ಬದಲಿಸಿ, 1960ರ ದಶಕದಲ್ಲಿ ಜಂಟಿಯಾಗಿ ಹೋವರ್‌ಕ್ರಾಫ್ಟ್ ಪರೀಕ್ಷೆ ನಡೆಸಿದ್ದು ಇದೇ ನೆಲೆಯಲ್ಲಿ. 1966ರ ದೊಡ್ಡ ಹೋವರ್‌ಕ್ರಾಫ್ಟ್ ಪ್ರದರ್ಶನ ನಡೆದದ್ದು ಪಕ್ಕದ ಬ್ರೌನ್‌ಡೌನ್ ತೀರದಲ್ಲಿ. ಕಾರ್ಖಾನೆಗಳಿದ್ದದ್ದು ನೀರಿನಾಚೆಯ ದ್ವೀಪದಲ್ಲಿ. ಈ ಸೀಮೆಯಲ್ಲಿ ಮನೆಗೊಬ್ಬರಾದರೂ ಹೋವರ್‌ಕ್ರಾಫ್ಟಿನ ಕೆಲಸ ಮಾಡಿದವರು ಇದ್ದರೇನೋ ಅನ್ನಿಸುವಷ್ಟು ಆ ಉದ್ಯಮ ಬೇರುಬಿಟ್ಟಿತ್ತು. 1980ರ ದಶಕದಲ್ಲಿ, ಒಂದೊಂದೇ ಹಳೆಯ ಯಂತ್ರ ಗುಜರಿಗೆ ಹೋಗುವುದನ್ನು ನೋಡಲಾರದೆ ಕೆಲವು ಉತ್ಸಾಹಿಗಳು ಸೇರಿ ಒಂದು ಟ್ರಸ್ಟ್ ಕಟ್ಟಿದರು. ವಾರಿಕ್ ಜೇಕಬ್ಸ್ ಅದರ ಸ್ಥಾಪಕ ಟ್ರಸ್ಟಿಗಳಲ್ಲಿ ಒಬ್ಬರು. ಈ ವಸ್ತುಸಂಗ್ರಹಾಲಯ ಆ ಟ್ರಸ್ಟಿನದ್ದೇ. ಅದು ನೋಂದಾಯಿತ ಧರ್ಮಾರ್ಥ ಸಂಸ್ಥೆ. ನಡೆಯುವುದು ಪ್ರವೇಶ ಶುಲ್ಕ, ದೇಣಿಗೆ ಮತ್ತು ಸ್ವಯಂಸೇವಕರ ದುಡಿಮೆಯಿಂದ.

ಸ್ವಯಂಸೇವಕರ ದುಡಿಮೆ ಅಂದರೆ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೋವರ್‌ಕ್ರಾಫ್ಟ್ ಹಗುರಾಗಿರಬೇಕು. ಅದಕ್ಕೇ ಅದನ್ನು ವಿಮಾನದ ಹಾಗೆ ತೆಳು ಅಲ್ಯೂಮಿನಿಯಂನಲ್ಲಿ ಕಟ್ಟುತ್ತಾರೆ. ಬದುಕುವುದು ಮಾತ್ರ ಉಪ್ಪುನೀರಿನಲ್ಲಿ. ಉಪ್ಪು ಹೊಕ್ಕಲ್ಲೆಲ್ಲ ಲೋಹ ಬಿಳಿಯ ಪುಡಿಯಾಗಿ ಉದುರುತ್ತದೆ. ಮಳೆನೀರು ಚಾವಣಿಯ ಸಂದಿಯಿಂದ ಇಳಿದು ತಳದ ಟ್ಯಾಂಕುಗಳಲ್ಲಿ ನಿಲ್ಲುತ್ತದೆ. ರಬ್ಬರು ಬಿಸಿಲಿಗೆ ಬಿರಿಯುತ್ತದೆ. ನಮ್ಮ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ 2006ರಿಂದ ವಸ್ತುಸಂಗ್ರಹಾಲಯವಾಗಿ ನಿಂತಿರುವ ಐಎನ್‌ಎಸ್ ಚಪಲ್ ನೌಕೆಯನ್ನು ನೋಡಿದವರಿಗೆ ಕಡಲ ಗಾಳಿ ಲೋಹವನ್ನು ಹೇಗೆ ತಿನ್ನುತ್ತದೆಂದು ಗೊತ್ತು. ಅದು ಉಕ್ಕು, ದಪ್ಪ ಮೈ. ಇದು ತೆಳುವಾದ ಅಲ್ಯೂಮಿನಿಯಂ. ಹೀಗಾಗಿ ಕೆರೆಯುವುದು, ಬಣ್ಣ ಬಳಿಯುವುದು, ಸೋರುವ ಕಡೆ ಮುಚ್ಚುವುದು, ನೀರು ಹೊರಹಾಕುವುದು, ಇದು ಒಂದು ಸಲ ಮಾಡಿ ಮುಗಿಸುವ ಕೆಲಸವೇ ಅಲ್ಲ. ಈ ತುದಿಯಿಂದ ಬಣ್ಣ ಬಳಿಯುತ್ತ ಆ ತುದಿ ಮುಟ್ಟುವಷ್ಟರಲ್ಲಿ ಈ ತುದಿಗೆ ಮತ್ತೆ ಬಣ್ಣ ಬೇಕು. ಇದನ್ನು ಸಂಬಳವಿಲ್ಲದೆ ಮಾಡುವವರಲ್ಲಿ ಹಿಂದೆ ಇದೇ ಯಂತ್ರಗಳನ್ನು ಓಡಿಸಿದವರು, ರಿಪೇರಿ ಮಾಡಿದವರು ಇದ್ದಾರೆ. ಹೋವರ್‌ಕ್ರಾಫ್ಟಿನಲ್ಲಿ ಒಮ್ಮೆಯೂ ಕೂರದ ಎಳೆಯರೂ ಇದ್ದಾರೆ. ದೇಣಿಗೆಯನ್ನು ಪೌಂಡುಗಳಲ್ಲಿ ಎಣಿಸುವವರಿಗೆ ಈ ಗಂಟೆಗಳು ಲೆಕ್ಕಕ್ಕೆ ಸಿಗುವುದಿಲ್ಲ. ನನ್ನ ಮಟ್ಟಿಗೆ ಇವರೇ ಆ ಸಂಸ್ಥೆಯ ದೊಡ್ಡ ಪೋಷಕರು.

ಕೊಡುಗೆ ಇನ್ನೂ ಹಲವು ರೂಪದಲ್ಲಿ ಬರುತ್ತದೆ. ನೌಕಾಪಡೆ ಬಳಸಿ ಬಿಟ್ಟ ಬಿಎಚ್‌-7 ಎಂಬ ದೈತ್ಯ ಅಲ್ಲಿದೆ. ಮನೆಯ ಹಿತ್ತಲಲ್ಲಿ, ಗ್ಯಾರೇಜಿನಲ್ಲಿ ಹವ್ಯಾಸಕ್ಕೆಂದು ಕಟ್ಟಿದ ಪುಟ್ಟ ಯಂತ್ರಗಳೂ ಇವೆ. ಬ್ರಿಟನ್ನಿನಲ್ಲಿ ಹವ್ಯಾಸಿಗಳ ಹೋವರ್‌ಕ್ರಾಫ್ಟ್ ಕ್ಲಬ್ 1966ರಿಂದಲೂ ಇದೆ. ಇದೆಲ್ಲದರ ಜೊತೆಗೆ ನಕ್ಷೆ, ಕೈಪಿಡಿ, ಫೋಟೊ, ಫಿಲ್ಮ್ ಸುರುಳಿಗಳ ಒಂದು ದೊಡ್ಡ ಸಂಗ್ರಹ. ಯಂತ್ರ ನೋಡಲು ಬಂದವರು ಈ ಕಾಗದಗಳನ್ನು ಗಮನಿಸದೆ ಹೋಗಬಹುದು. ಆದರೆ ಐವತ್ತು ವರ್ಷದ ಹಿಂದಿನ ಒಂದು ಕವಾಟವನ್ನು ಬಿಚ್ಚಿ ಮತ್ತೆ ಜೋಡಿಸಬೇಕಾದಾಗ ಕೈಹಿಡಿಯುವುದು ಆ ಹಳೆಯ ಕೈಪಿಡಿಯೇ.

ಈಗ 2016ಕ್ಕೆ ಬರೋಣ. ಎರಡೂ ರಾಜಕುಮಾರಿಯರು ನಿಂತಿದ್ದ ನೆಲ ಸರ್ಕಾರದ ವಸತಿ ಮತ್ತು ಸಮುದಾಯಗಳ ಏಜೆನ್ಸಿಯ ಕೈಯಲ್ಲಿತ್ತು. ಆ ಜಾಗವನ್ನು ಅಭಿವೃದ್ಧಿಪಡಿಸುವ ಯೋಜನೆ ಹೊರಟಿತು. ಹದಿನಾರು ವರ್ಷ ಮಳೆಗಾಳಿಯಲ್ಲಿ ನಿಂತು ಸೊರಗಿದ್ದ ಎರಡು ಯಂತ್ರಗಳು ಯೋಜನೆಯವರ ಕಣ್ಣಿಗೆ ಅಡ್ಡಿಯಾಗಿ ಕಂಡವು. ಒಡೆದು ಹಾಕುವ ಮಾತು ಬಂತು. ಸಂಗ್ರಹಾಲಯದವರು ಹೂಡಿದ್ದು ಒಂದು ಮನವಿ. ಪ್ರಿನ್ಸೆಸ್ ಆನ್ ಅನ್ನಾದರೂ ಉಳಿಸಿಕೊಡಿ ಎಂದು ಕೇಳಿದರು. 20,000ಕ್ಕೂ ಹೆಚ್ಚು ಜನ ಸಹಿ ಹಾಕಿದರು. ಬಾಲ್ಯದಲ್ಲಿ ಅಪ್ಪ ಅಮ್ಮನ ಜೊತೆ ಕಾರಿನಲ್ಲಿ ಕೂತು ಅದರ ಹೊಟ್ಟೆಯೊಳಗೆ ಫ್ರಾನ್ಸಿಗೆ ಹೋಗಿಬಂದ ತಲೆಮಾರು ಅದು. ಒಂದು ಸಹಿಗೆ ಎಷ್ಟು ಬೆಲೆ ಎಂದು ಕೇಳುವವರು ಈ ಉದಾಹರಣೆ ನೋಡಬೇಕು. ಏಜೆನ್ಸಿ ಮಣಿಯಿತು. ಪ್ರಿನ್ಸೆಸ್ ಆನ್ ಉಳಿಯಿತು.

ಪ್ರಿನ್ಸೆಸ್ ಮಾರ್ಗರೆಟ್ ಉಳಿಯಲಿಲ್ಲ. 1968ರಲ್ಲಿ ಮೊದಲು ಸೇವೆಗೆ ಇಳಿದದ್ದು ಅದೇ, ಈ ಮಾದರಿಯ ಹಿರಿಯಕ್ಕ. 2018ರಲ್ಲಿ ಅದನ್ನು ಒಡೆದರು. ಅದರ ಬಿಡಿಭಾಗಗಳಿಂದ ತಂಗಿಗೆ ಅನುಕೂಲವಾಯಿತು ನಿಜ. ಆದರೂ ಈ ಸಂಗತಿಯನ್ನು ನಾನು ಸುಲಭವಾಗಿ ದಾಟಿ ಹೋಗಲಾರೆ. ಇದಕ್ಕೂ ಹಿಂದೆ, 2004ರಲ್ಲಿ, ಸ್ವಿಫ್ಟ್ ಎಂಬ ಇನ್ನೊಂದು ದೊಡ್ಡ ಯಂತ್ರ ಇದೇ ಲೀ-ಆನ್-ದ-ಸೊಲೆಂಟ್‌ನಲ್ಲಿ ಚೂರಾಗಿತ್ತು. ಕಾಕರೆಲ್ ಅವರ ಹೆಸರನ್ನೇ ಹೊತ್ತ ಸರ್ ಕ್ರಿಸ್ಟೊಫರ್ 1998ರಲ್ಲಿ ಹೋಯಿತು, ಅವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು. ಯಂತ್ರವನ್ನು ಪ್ರೀತಿಸುವವರು ಎಷ್ಟೇ ಇದ್ದರೂ ಅದು ನಿಂತ ನೆಲ ಅವರದ್ದಲ್ಲದಿದ್ದರೆ, ತಲೆಯ ಮೇಲೆ ಸೂರಿಲ್ಲದಿದ್ದರೆ, ಆ ಪ್ರೀತಿಯ ಕೈ ಅಷ್ಟು ದೂರ ಚಾಚುವುದಿಲ್ಲ. ಇಲ್ಲಿ ನನಗೊಂದು ತಕರಾರಿದೆ. ಹೋವರ್‌ಕ್ರಾಫ್ಟನ್ನು ಸಾಕಿದ್ದು ಬ್ರಿಟನ್ನಿನ ಸಾರ್ವಜನಿಕ ಹಣ. ಮೊದಲ ಯಂತ್ರಕ್ಕೆ ಸರ್ಕಾರಿ ನಿಗಮ, ರಾಜಕುಮಾರಿಯರಿಗೆ ಸರ್ಕಾರಿ ರೈಲ್ವೆ. ಹುಟ್ಟಿಸಲು ಖರ್ಚು ಮಾಡಿದ ಸರ್ಕಾರಕ್ಕೆ ಆರರಲ್ಲಿ ಎರಡನ್ನು ನೆರಳಿನಲ್ಲಿ ಇಡುವ ಹೊಣೆಯೂ ಇತ್ತು. ಎಸ್‌ಆರ್‌ಎನ್‌-1 ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದ ಆರೈಕೆಯಲ್ಲಿ ಸುರಕ್ಷಿತವಾಗಿದೆ. ದೊಡ್ಡದಕ್ಕೆ ಅಂಥ ಮನೆ ಸಿಗಲಿಲ್ಲ. ಗೆಳೆಯರ ಸಂಘಗಳು ಬಂಗಾರದಂಥವು, ಆದರೆ 56 ಮೀಟರ್ ಉದ್ದದ ಯಂತ್ರಕ್ಕೆ ಚಾವಣಿ ಹಾಕುವ ಭಾರವನ್ನು ವರ್ಷದ ಚಂದಾದ ಮೇಲೆ ಹೊರಿಸುವುದು ನ್ಯಾಯವಲ್ಲ.

ಈ ಕಥೆ ನಮ್ಮ ದೇಶಕ್ಕೂ ತಾಗುತ್ತದೆ. ಭಾರತೀಯ ಕರಾವಳಿ ರಕ್ಷಣಾ ಪಡೆ ಇಂಗ್ಲೆಂಡಿನ ಗ್ರಿಫನ್ ಕಂಪನಿಯ ವಿನ್ಯಾಸದ ಹೋವರ್‌ಕ್ರಾಫ್ಟ್‌ಗಳನ್ನು ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಬಳಸುತ್ತಿದೆ. ಆರಂಭದ ಆರು ಕೋಲ್ಕತ್ತದ ಗಾರ್ಡನ್ ರೀಚ್ ಹಡಗುಕಟ್ಟೆಯ ಮೂಲಕ ಬಂದವು. 2010ರಲ್ಲಿ ಇನ್ನೂ 12ಕ್ಕೆ ಬೇಡಿಕೆ ಹೋಯಿತು. ತಮಿಳುನಾಡಿನ ಮಂಡಪಂನಲ್ಲಿ, ಗುಜರಾತಿನ ಕಛ್‌ನ ಕೆಸರು ಕಾಲುವೆಗಳಲ್ಲಿ, ಬಂಗಾಳದ ಹಾಲ್ದಿಯಾದಲ್ಲಿ, ದೋಣಿಗೆ ಆಳ ಸಾಲದ ಕಡೆ ಇವು ಕಾವಲು ತಿರುಗುತ್ತವೆ. 2024ರ ಅಕ್ಟೋಬರಿನಲ್ಲಿ ರಕ್ಷಣಾ ಸಚಿವಾಲಯ ನೆರೆಯ ಗೋವಾದ ಚೌಗುಲೆ ಕಂಪನಿಯ ಜೊತೆ ಹೊಸ ಆರು ಹೋವರ್‌ಕ್ರಾಫ್ಟ್‌ಗಳಿಗೆ 387.44 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು.

ಹೊಸವು ಬರುತ್ತಿವೆ ಎಂದರೆ ಹಳೆಯವು ಇವತ್ತಲ್ಲ ನಾಳೆ ಸೇವೆಯಿಂದ ಇಳಿಯುತ್ತವೆ. ಗಾರ್ಡನ್ ರೀಚ್‌ನಿಂದ ಬಂದ ಆ ಮೊದಲ ಆರರಲ್ಲಿ ಒಂದನ್ನಾದರೂ ನಾವು ಇಟ್ಟುಕೊಳ್ಳಬೇಕು. ಅದು ಪ್ರಿನ್ಸೆಸ್ ಆನ್‌ನಷ್ಟು ದೊಡ್ಡದಲ್ಲ. ಉದ್ದ ಅದರ ಅರ್ಧದಷ್ಟೂ ಇಲ್ಲ. ಒಂದು ಶೆಡ್ಡು ಹಾಕಿದರೆ ಒಳಗೆ ಹಿಡಿಸುತ್ತದೆ. ಕಡಲ ದಂಡೆಯಿಂದ ನಾಲ್ಕು ಮೈಲಿ ಒಳಗಿಟ್ಟರೆ ಇನ್ನೂ ಒಳ್ಳೆಯದು. ಅದನ್ನು ಓಡಿಸಿದ ನಾವಿಕರು, ಅದರ ರಬ್ಬರಿನ ಅಂಚು ಹೊಲಿದು ಸರಿಮಾಡಿದ ತಂತ್ರಜ್ಞರು ಈಗ ನಿವೃತ್ತರಾಗುತ್ತಿರುವ ವಯಸ್ಸಿನವರು. ಅವರಲ್ಲಿ ಕರಾವಳಿ ಕನ್ನಡಿಗರೂ ಇರಬಹುದು. ಈ ಮಾತು ಅಂಥ ಯಾರ ಕಿವಿಗಾದರೂ ಬೀಳುತ್ತಿದ್ದರೆ, ನಿಮ್ಮ ಬಳಿ ಇರುವ ಫೋಟೊಗಳ ಹಿಂದೆ ಊರು, ವರ್ಷ, ಜೊತೆಗಿದ್ದವರ ಹೆಸರು ಬರೆದಿಡಿ. ಟಿಪ್ಪಣಿ ಪುಸ್ತಕಗಳನ್ನು ರದ್ದಿಗೆ ಹಾಕಬೇಡಿ. ಹಳೆಯ ಜೊತೆಗಾರರು ನಾಲ್ಕು ಮಂದಿ ಸೇರಿ ಪಡೆಗೆ ಒಂದು ಪತ್ರ ಬರೆಯಿರಿ. ಯಂತ್ರ ಸೇವೆಯಲ್ಲಿರುವಾಗಲೇ ಆ ಪತ್ರ ಹೋಗಬೇಕು, ಹರಾಜಿನ ಪ್ರಕಟಣೆ ಬಂದ ಮೇಲಲ್ಲ.

ನಮಸ್ಕಾರ.